ಹಸಿರುಮನೆಯಲ್ಲಿ ಕುಂಬಳದ ಸಸಿ ನಾಟಿಗೆ ಮೊದಲು: ಮಣ್ಣಿನ ಸಿದ್ಧತೆ ಮತ್ತು ಪೀಡೆಗಳ ಹತೋಟಿ

ಕುಂಬಳ ನಮ್ಮ ರೈತರಿಗೆ ಹೊಸ ಬೆಳೆಯಲ್ಲ. ತಿಪ್ಪೆಯ ಅಂಚಿನಲ್ಲಿ ಬಿದ್ದ ಬೀಜ ತಾನಾಗಿಯೇ ಮೊಳೆತು, ದನದ ಕೊಟ್ಟಿಗೆಯ ಮಾಡಿನ ಮೇಲೆ ಹಬ್ಬಿ ಕಾಯಿ ಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ತಿಪ್ಪೆಯ ಮೇಲೆ ಇಷ್ಟು ಸುಲಭವಾಗಿ ಬೆಳೆಯುವ ಬಳ್ಳಿಗೆ, ಲಕ್ಷಗಟ್ಟಲೆ ಖರ್ಚು ಮಾಡಿ ಕಟ್ಟಿದ ಹಸಿರುಮನೆಯಲ್ಲಿ ಏಕೆ ತೊಂದರೆ ಬರಬೇಕು ಎಂದು ಅನೇಕ ರೈತರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಬಳ್ಳಿಯಲ್ಲಿಲ್ಲ, ಮಣ್ಣಿನಲ್ಲಿದೆ.

ಬಯಲಿನಲ್ಲಿ ಮಳೆ ಬಂದು ಮಣ್ಣಿನ ಲವಣವನ್ನು ತೊಳೆಯುತ್ತದೆ. ಬೇಸಿಗೆಯ ಬಿಸಿಲು ಮಣ್ಣನ್ನು ಸುಡುತ್ತದೆ. ಒಂದು ವರ್ಷ ಕುಂಬಳ ಇದ್ದ ಜಾಗದಲ್ಲಿ ಮರುವರ್ಷ ಜೋಳವೋ ರಾಗಿಯೋ ಇರುತ್ತದೆ. ಕೀಟಗಳನ್ನು ತಿನ್ನುವ ಹಕ್ಕಿಗಳೂ ಇತರ ಕೀಟಗಳೂ ಓಡಾಡುತ್ತಿರುತ್ತವೆ. ಹಸಿರುಮನೆಯಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ವರ್ಷವಿಡೀ ತೇವವಿದೆ, ಬೆಚ್ಚನೆಯ ಹವೆಯಿದೆ, ಒಂದೇ ಜಾತಿಯ ಬೆಳೆಗಳು ಒಂದರ ಹಿಂದೊಂದು ಬರುತ್ತಿರುತ್ತವೆ. ಬಳ್ಳಿಗೆ ಯಾವುದು ಸುಖವೋ ಬಳ್ಳಿಯ ಶತ್ರುವಿಗೂ ಅದೇ ಸುಖ. ಒಳಗೆ ಒಮ್ಮೆ ಪೀಡೆ ಸೇರಿದರೆ, ಹೊರಗಿನ ಪೀಡೆಯನ್ನು ತಡೆಯಲು ಕಟ್ಟಿದ ಪರದೆಯೇ ಒಳಗಿನ ಪೀಡೆಯನ್ನು ಕಾಪಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ.

ರಾಷ್ಟ್ರೀಯ ತೋಟಗಾರಿಕೆ ಮಿಷನ್ 2005–06ರಲ್ಲಿ ಆರಂಭವಾದ ಮೇಲೆ ನಮ್ಮ ರಾಜ್ಯದಲ್ಲಿ ಪಾಲಿಹೌಸ್ ಮತ್ತು ಪರದೆ ಮನೆಗಳು ಹೆಚ್ಚಿದವು. ಇವುಗಳಲ್ಲಿ ದೊಣ್ಣೆಮೆಣಸಿನಕಾಯಿ, ಸೌತೆ ಮತ್ತು ಟೊಮೆಟೊ ಮುಖ್ಯ ಬೆಳೆಗಳು. ದೊಡ್ಡ ಕಾಯಿಯ ಸಿಹಿಗುಂಬಳವನ್ನು ಬಯಲಿನಲ್ಲಿ ಬೆಳೆಯುವುದೇ ಲಾಭಕರ. ಆದರೆ ಝುಕಿನಿ ಎಂದು ಪೇಟೆಯಲ್ಲಿ ಕರೆಯುವ ಬೇಸಿಗೆ ಕುಂಬಳ, ಹಂದರಕ್ಕೆ ಹಬ್ಬಿಸುವ ಸಣ್ಣ ಕಾಯಿಯ ಸಿಹಿಗುಂಬಳ, ಬೀಜೋತ್ಪಾದನೆಯ ಬೆಳೆ, ಇವುಗಳನ್ನು ಮುಚ್ಚಿದ ಮನೆಯಲ್ಲಿ ಬೆಳೆಯಲು ಕಾರಣಗಳಿವೆ. ಈ ಲೇಖನದಲ್ಲಿ ಹೇಳಿರುವ ಕ್ರಮಗಳು ಕುಂಬಳಕ್ಕೂ, ಅದೇ ಕುಟುಂಬದ ಸೌತೆ, ಕಲ್ಲಂಗಡಿ, ಕರಬೂಜಕ್ಕೂ ಅನ್ವಯಿಸುತ್ತವೆ.

ಒಂದು ಅನುಭವ

ಕೆಲವು ವರ್ಷಗಳ ಹಿಂದೆ ಧಾರವಾಡ ಜಿಲ್ಲೆಯ ರೈತರೊಬ್ಬರು ಬ್ಯಾಂಕಿನ ಸಾಲ ಪಡೆದು 10 ಗುಂಟೆಯ ಪಾಲಿಹೌಸ್ ಕಟ್ಟಿಸಿದ್ದರು. ಅವರ ಜಮೀನು ಎರೆಭೂಮಿ. ನೀರು ಬಸಿಯುವುದಿಲ್ಲವೆಂದು ಬೇರೆ ಕಡೆಯಿಂದ ಕೆಂಪು ಮಣ್ಣು ತರಿಸಿ ಒಳಗೆ ತುಂಬಿದರು. ಮೊದಲನೆಯ ಬೆಳೆ ಸೌತೆ, ಚೆನ್ನಾಗಿಯೇ ಬಂತು. ಎರಡನೆಯ ಬೆಳೆ ಝುಕಿನಿ. ನಾಟಿಯಾಗಿ ಐದು ವಾರಕ್ಕೆ ಎಲೆಗಳು ಹಳದಿಯಾದವು. ಮಧ್ಯಾಹ್ನ ಗಿಡಗಳು ಬಾಡಿ, ಸಂಜೆಗೆ ಮತ್ತೆ ಚೇತರಿಸಿಕೊಳ್ಳುತ್ತಿದ್ದವು.

ನನ್ನನ್ನು ಕರೆಸಿದರು. ನಾನು ಎಲೆಗಳನ್ನು ನೋಡಿದೆ, ಮಣ್ಣಿನ ತೇವ ನೋಡಿದೆ, ಸಾರಜನಕದ ಕೊರತೆಯಿರಬೇಕೆಂದು ತಿಳಿದು ಹನಿ ನೀರಾವರಿಯ ಮೂಲಕ ಗೊಬ್ಬರ ಕೊಡಲು ಹೇಳಿ ಬಂದೆ. ಎರಡು ವಾರದ ನಂತರ ಹೋದಾಗ ಸ್ಥಿತಿ ಇನ್ನೂ ಕೆಟ್ಟಿತ್ತು. ಅಷ್ಟರಲ್ಲಿ ಅವರ ತಾಯಿ ಪೂರ್ತಿ ಬಾಡಿದ ಗಿಡವೊಂದನ್ನು ಕಿತ್ತು ಬದುವಿನ ಮೇಲೆ ಎಸೆದಿದ್ದರು. ಅದರ ಬೇರು ಬೇರಿನಂತೆ ಇರಲಿಲ್ಲ. ಹಸಿ ಶುಂಠಿಯ ಹಾಗೆ ಉದ್ದಕ್ಕೂ ಗಂಟು ಗಂಟಾಗಿತ್ತು. "ಸಾಹೇಬ್ರ, ಒಂದ ಗಿಡ ಕಿತ್ತ ನೋಡಿದ್ರ ಅವತ್ತ ಗೊತ್ತಾಗ್ತಿತ್ತಲ್ರೀ" ಎಂದರು ಆ ರೈತರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿಚಾರಿಸಿದಾಗ ಆ ಕೆಂಪು ಮಣ್ಣು ಹಲವು ವರ್ಷ ಟೊಮೆಟೊ ಬೆಳೆದ ಹೊಲದ್ದೆಂದು ತಿಳಿಯಿತು. ಬೇರುಗಂಟು ಜಂತುಹುಳುವನ್ನು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಒಳಗೆ ತಂದುಕೊಂಡಂತಾಗಿತ್ತು. ಆ ಬೆಳೆ ಹೋಯಿತು, ಆದರೆ ಸಾಲದ ಕಂತು ನಿಲ್ಲಲಿಲ್ಲ.

ಆ ದಿನದಿಂದ ನಾನು ಬೇರು ನೋಡದೆ ಸಲಹೆ ಕೊಡುವುದಿಲ್ಲ. ವಿಸ್ತರಣಾ ಕಾರ್ಯಕರ್ತರಿಗೂ ಇದೇ ನನ್ನ ವಿನಂತಿ. ಇನ್ನೊಂದು ಮಾತನ್ನೂ ಹೇಳಬೇಕು. ಅಂದು ನಾನು ಮೊದಲ ದಿನವೇ ಗುರುತಿಸಿದ್ದರೂ ಆ ಬೆಳೆಯನ್ನು ಪೂರ್ತಿಯಾಗಿ ಉಳಿಸಲು ಆಗುತ್ತಿರಲಿಲ್ಲ. ಬಳ್ಳಿ ನೆಲದಲ್ಲಿರುವಾಗ ಬೇರಿನ ಒಳಗಿರುವ ಹುಳುವನ್ನು ನಾಶ ಮಾಡುವುದು ಬಹಳ ಕಷ್ಟ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಮನೆ ಖಾಲಿ ಇರುವ ಎಂಟು ಹತ್ತು ವಾರಗಳೇ ಈ ಕೆಲಸಕ್ಕೆ ಸರಿಯಾದ ಕಾಲ.

ಮಣ್ಣಿನಲ್ಲಿ ಅಡಗಿರುವ ಶತ್ರುಗಳು

ಬೇರುಗಂಟು ಜಂತುಹುಳು: ಇದು ಕಣ್ಣಿಗೆ ಕಾಣದಷ್ಟು ಸಣ್ಣದು. ಮರಿಹುಳು ಎಳೆ ಬೇರಿನ ತುದಿಯಿಂದ ಒಳಹೊಕ್ಕು ಒಂದೇ ಕಡೆ ನೆಲೆಸಿ ರಸ ಹೀರುತ್ತದೆ. ಆ ಜಾಗದ ಜೀವಕೋಶಗಳು ಊದಿಕೊಂಡು ಗಂಟಾಗುತ್ತವೆ. ಒಂದು ಹೆಣ್ಣು ಹುಳು ಅಂಟಿನಂಥ ಮುದ್ದೆಯಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿಯುತ್ತದೆ. ಅಂದರೆ ಮೂರು ತಿಂಗಳ ಬೆಳೆಯಲ್ಲಿ ಮೂರು ತಲೆಮಾರು. ಮೊದಲ ಬೆಳೆಯಲ್ಲಿ ಕಾಣದ ನಷ್ಟ ಎರಡನೆಯ ಬೆಳೆಯಲ್ಲಿ ಕಾಣುವುದಕ್ಕೆ ಇದೇ ಕಾರಣ.

ಕುಂಬಳದ ಬೇರು ಗಟ್ಟಿ, ಅದಕ್ಕೆ ಏನೂ ಆಗದು ಎಂಬ ತಪ್ಪು ಕಲ್ಪನೆ ಕೆಲವರಲ್ಲಿದೆ. ಸೌತೆ ಮತ್ತು ಕಲ್ಲಂಗಡಿಯನ್ನು ಕುಂಬಳದ ಬೇರುಸಸಿಯ ಮೇಲೆ ಕಸಿ ಮಾಡುವ ಪದ್ಧತಿ ಇರುವುದು ನಿಜ. ಅದು ಮುಖ್ಯವಾಗಿ ಸೊರಗು ರೋಗವನ್ನು ತಡೆಯುವುದಕ್ಕಾಗಿ. ಜಂತುಹುಳುವಿಗೆ ಕುಂಬಳದ ಬೇರೂ ಆಹಾರವೇ.

ಶಿಲೀಂಧ್ರಗಳು: ಸಸಿ ಕೊಳೆ ರೋಗ, ಬುಡ ಕೊಳೆ ಮತ್ತು ಸೊರಗು ರೋಗದ ಶಿಲೀಂಧ್ರಗಳು ಹಳೆಯ ಬೇರು ಮತ್ತು ಕಸದಲ್ಲಿ ಉಳಿದು ಮುಂದಿನ ಬೆಳೆಗೆ ದಾಟುತ್ತವೆ. ಜಂತುಹುಳು ಮಾಡಿದ ಗಾಯ ಇವುಗಳಿಗೆ ಬಾಗಿಲು ತೆರೆದಂತೆ.

ಕೀಟಗಳು: ಕೆಂಪು ಕುಂಬಳ ದುಂಬಿಯ ಮರಿಗಳು ಮಣ್ಣಿನಲ್ಲಿದ್ದು ಬೇರನ್ನು ತಿನ್ನುತ್ತವೆ, ದುಂಬಿಗಳು ಎಳೆ ಸಸಿಯ ಎಲೆಗಳನ್ನು ತೂತು ಮಾಡುತ್ತವೆ. ಕಾಯಿ ಕೊರೆಯುವ ಹಣ್ಣಿನ ನೊಣ, ಎಲೆಯಲ್ಲಿ ಬಿಳಿ ಗೆರೆ ಎಳೆಯುವ ರಂಗೋಲಿ ಹುಳು ಮತ್ತು ಥ್ರಿಪ್ಸ್ ನುಸಿ ಇವುಗಳ ಕೋಶಾವಸ್ಥೆ ಬಹುಮಟ್ಟಿಗೆ ಮೇಲ್ಮಣ್ಣಿನಲ್ಲಿಯೇ ಕಳೆಯುತ್ತದೆ. ಚೆನ್ನಾಗಿ ಕಳಿಯದ ಗೊಬ್ಬರದೊಂದಿಗೆ ಗೊಣ್ಣೆ ಹುಳುವೂ ಬರುತ್ತದೆ. ಬಿಳಿನೊಣ ಮತ್ತು ಸಸ್ಯಹೇನು ಮಣ್ಣಿನಲ್ಲಿ ಇರುವುದಿಲ್ಲ. ಅವು ಕಳೆಗಿಡಗಳ ಮೇಲೆ ಕಾದುಕೊಂಡಿದ್ದು, ಹೊಸ ಸಸಿ ಬಂದ ಕೂಡಲೇ ನಂಜು ರೋಗಗಳನ್ನು ತರುತ್ತವೆ.

ಹಳೆಯ ಬೆಳೆಯ ವಿಲೇವಾರಿ

1. ಕಟಾವು ಮುಗಿದ ಮೇಲೆ ಬಳ್ಳಿಗಳನ್ನು ವಾರಗಟ್ಟಲೆ ಹಾಗೆಯೇ ಬಿಡಬಾರದು. ಆ ವಾರಗಳಲ್ಲಿ ಪೀಡೆಗಳು ದುಪ್ಪಟ್ಟಾಗುತ್ತವೆ.

2. ಬುಡದಲ್ಲಿ ಕತ್ತರಿಸಿ ಬಿಟ್ಟರೆ ಸಾಲದು. ಮಣ್ಣನ್ನು ಸಡಿಲಿಸಿ ಬೇರು ಸಮೇತ ಕೀಳಬೇಕು. ಉದುರಿದ ಎಲೆ ಮತ್ತು ಕೊಳೆತ ಕಾಯಿಗಳನ್ನೂ ಆರಿಸಬೇಕು.

3. ಕಿತ್ತದ್ದನ್ನು ಚೀಲದಲ್ಲಿ ತುಂಬಿ ಮನೆಯಿಂದ ದೂರ ಸಾಗಿಸಬೇಕು. ರೋಗ ಮತ್ತು ಗಂಟು ಇರುವ ಬೇರುಗಳನ್ನು ತಿಪ್ಪೆಗೆ ಹಾಕಬಾರದು. ಬಿಸಿಲಿಗೆ ಒಣಗಿಸಿ ನಾಶಪಡಿಸಬೇಕು. ಕೊಳೆತ ಕಾಯಿಗಳನ್ನು ಎರಡು ಅಡಿ ಆಳದ ಗುಂಡಿಯಲ್ಲಿ ಹೂಳಬೇಕು.

4. ಮೂಲೆಗಳಲ್ಲಿ, ಕಂಬಗಳ ಬುಡದಲ್ಲಿ ಮತ್ತು ಹೊರಗೆ ಸುತ್ತಲೂ ಎರಡು ಮೂರು ಮೀಟರ್ ಅಗಲದಲ್ಲಿ ಕಳೆ ತೆಗೆಯಬೇಕು. ಕಾಂಗ್ರೆಸ್ ಕಳೆ ಮತ್ತು ಗಣಿಕೆ ಗಿಡಗಳು ಕೀಟಗಳಿಗೂ ನಂಜಿಗೂ ಆಶ್ರಯ ಕೊಡುತ್ತವೆ.

5. ಒಂದೂ ಹಸಿರೆಲೆ ಇಲ್ಲದಂತೆ ಮಾಡಿ ಮನೆಯನ್ನು ಕನಿಷ್ಠ ಎರಡು ವಾರ ಮುಚ್ಚಿಡಬೇಕು. ತಿನ್ನಲು ಏನೂ ಸಿಗದೆ, ಒಳಗಿನ ಶಾಖದಲ್ಲಿ ಬಿಳಿನೊಣ ಮತ್ತು ಹೇನುಗಳು ಸಾಯುತ್ತವೆ. ಒಂದು ಮೂಲೆಯಲ್ಲಿ ನಾಲ್ಕು ಬದನೆ ಗಿಡ ಮನೆಯ ಖರ್ಚಿಗೆಂದು ಬಿಟ್ಟರೆ ಈ ಶ್ರಮ ವ್ಯರ್ಥ.

ಬೇರಿನ ತಪಾಸಣೆ ಮತ್ತು ಸಾಕ್ಷಿ ಕುಂಡ

ಹಳೆಯ ಬೆಳೆ ಸೌತೆ, ಟೊಮೆಟೊ, ದೊಣ್ಣೆಮೆಣಸಿನಕಾಯಿ ಅಥವಾ ಬೆಂಡೆ ಆಗಿದ್ದರೆ ಕೀಳುವಾಗಲೇ ಪರೀಕ್ಷೆ ಮುಗಿಯುತ್ತದೆ. ಪ್ರತಿ ಸಾಲಿನಲ್ಲಿ ನಾಲ್ಕೈದು ಗಿಡಗಳ ಬೇರನ್ನು ಬಕೆಟ್ಟಿನ ನೀರಿನಲ್ಲಿ ತೊಳೆದು ನೋಡಬೇಕು. ಗಂಟು ಕಂಡ ಜಾಗಕ್ಕೆ ಗೂಟ ನೆಟ್ಟು ಗುರುತು ಮಾಡಬೇಕು.

ಹೊಸ ಮನೆ ಕಟ್ಟುವವರು, ಕೆಂಪು ಮಣ್ಣು ಅಥವಾ ಕೆರೆಗೋಡು ಹೊರಗಿನಿಂದ ತರುವವರು ಸಾಕ್ಷಿ ಕುಂಡದ ಪರೀಕ್ಷೆ ಮಾಡುವುದು ಒಳ್ಳೆಯದು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮಣ್ಣು ತೆಗೆಯುವ ಹೊಲದ ಐದಾರು ಕಡೆ ಒಂದು ಗೇಣು ಆಳದವರೆಗಿನ ಮಣ್ಣನ್ನು ತೆಗೆದು, ಒಣಗಲು ಬಿಡದೆ ಬೇರೆ ಬೇರೆ ಕುಂಡಗಳಲ್ಲಿ ತುಂಬಬೇಕು. ಇನ್ನೊಂದು ಕುಂಡಕ್ಕೆ ಅದೇ ಮಣ್ಣಿಗೆ ನೀರು ಚಿಮುಕಿಸಿ, ಹಳೆಯ ಬಾಣಲೆಯಲ್ಲಿ ಮುಚ್ಚಿ ಅರ್ಧ ಗಂಟೆ ಹಬೆಯಾಡುವಂತೆ ಬಿಸಿ ಮಾಡಿ, ಆರಿಸಿ ತುಂಬಬೇಕು. ಇದು ಹೋಲಿಕೆಗೆ. ಎಲ್ಲ ಕುಂಡಗಳಲ್ಲೂ ಮೂರು ನಾಲ್ಕು ಸೌತೆ ಬೀಜ ಹಾಕಿ ಹದವಾಗಿ ನೀರು ಕೊಡಬೇಕು. 30ರಿಂದ 35 ದಿನಗಳ ನಂತರ ಕುಂಡವನ್ನು ನೀರಿನಲ್ಲಿ ಅದ್ದಿ, ಬೇರು ಹರಿಯದಂತೆ ಗಿಡವನ್ನು ಬಿಡಿಸಿ ನೋಡಬೇಕು. ಬಿಸಿ ಮಾಡಿದ ಕುಂಡದ ಬೇರು ನಯವಾಗಿದ್ದು ಉಳಿದವುಗಳಲ್ಲಿ ಗಂಟು ಕಂಡರೆ ಆ ಮಣ್ಣನ್ನು ತರಬಾರದು. ಒಂದು ತಿಂಗಳು ತಡವಾಗುತ್ತದೆ ಎಂದು ಕೆಲವರು ಬೇಸರಪಡುತ್ತಾರೆ. ಸೋಂಕಿನ ಮಣ್ಣು ಒಳಗೆ ಬಂದರೆ ಹೋಗುವುದು ಒಂದು ತಿಂಗಳಲ್ಲ, ಹಲವು ವರ್ಷ.

ಮಣ್ಣು ಪರೀಕ್ಷೆ ಮತ್ತು ಲವಣದ ಹತೋಟಿ

ಹಸಿರುಮನೆಯ ಮಣ್ಣನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಬೇಕು. ಹತ್ತು ಹದಿನೈದು ಕಡೆ 15ರಿಂದ 20 ಸೆಂ.ಮೀ. ಆಳದವರೆಗೆ ಮಾದರಿ ತೆಗೆದು, ಕೂಡಿಸಿ, ಅರ್ಧ ಕಿ.ಗ್ರಾಂ.ನಷ್ಟು ಕಳುಹಿಸಬೇಕು. ಜಂತುಹುಳುವಿನ ಪರೀಕ್ಷೆಗೆ ಬೇರಿನ ಚೂರುಗಳಿರುವ ಹಸಿ ಮಣ್ಣನ್ನು ಪ್ರತ್ಯೇಕವಾಗಿ ಪಾಲಿಥೀನ್ ಚೀಲದಲ್ಲಿಟ್ಟು, ಬಿಸಿಲಿಗೆ ಒಡ್ಡದೆ ತಲುಪಿಸಬೇಕು.

ಕುಂಬಳಕ್ಕೆ ರಸಸಾರ 6.0ರಿಂದ 7.0ರವರೆಗೆ ಇದ್ದರೆ ಒಳ್ಳೆಯದು. ಹುಳಿ ಮಣ್ಣಾದರೆ ಪರೀಕ್ಷಾ ವರದಿಯ ಪ್ರಕಾರ ಸುಣ್ಣವನ್ನು ಅಗೆತದ ಸಮಯದಲ್ಲಿಯೇ ಸೇರಿಸಬೇಕು. ಲವಣಾಂಶವನ್ನು ತೋರಿಸುವ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೈಮನ್‌ಗಿಂತ ಕಡಿಮೆ ಇರಬೇಕು. ಮಣ್ಣಿನ ಮೇಲೆ ಬಿಳಿ ಪದರ ಕಂಡರೆ, ಎಲೆಯ ಅಂಚು ಸುಟ್ಟಂತೆ ಕಂಡರೆ ಲವಣ ಹೆಚ್ಚಾಗಿದೆಯೆಂದು ಸಂಶಯಪಡಬೇಕು. ಮಳೆ ಬೀಳದ ಮನೆಯಲ್ಲಿ ನಾವು ಹಾಕಿದ ಗೊಬ್ಬರದ ಉಳಿಕೆ ಅಲ್ಲಿಯೇ ನಿಲ್ಲುತ್ತದೆ.

ಇಂಥ ಮಣ್ಣಿಗೆ ಒಳ್ಳೆಯ ನೀರನ್ನು ಎರಡು ಮೂರು ಸಲ ಧಾರಾಳವಾಗಿ ಹಾಯಿಸಿ, ಬೇರಿನ ವಲಯದ ಕೆಳಗೆ ಬಸಿದು ಹೋಗುವಂತೆ ಮಾಡಬೇಕು. ಬಸಿಗಾಲುವೆ ಇಲ್ಲದಿದ್ದರೆ ಲವಣ ಮತ್ತೆ ಮೇಲೆ ಬರುತ್ತದೆ. ಕೊಳವೆ ಬಾವಿಯ ನೀರೇ ಉಪ್ಪಾಗಿದ್ದರೆ ಅದರಿಂದ ತೊಳೆದು ಪ್ರಯೋಜನವಿಲ್ಲ. ಆದ್ದರಿಂದ ನೀರನ್ನೂ ಪರೀಕ್ಷಿಸಬೇಕು. ಪಾಲಿಹೌಸ್ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಹೊಂಡದಲ್ಲಿ ಹಿಡಿದಿಟ್ಟವರಿಗೆ ಇದೇ ಅತ್ಯುತ್ತಮ ನೀರು.

ಬಿಸಿಲಿನಿಂದ ಮಣ್ಣಿನ ಶುದ್ಧೀಕರಣ

ಒದ್ದೆ ಮಣ್ಣಿನ ಮೇಲೆ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ ಬಿಸಿಲಿನ ಶಾಖದಿಂದ ಪೀಡೆಗಳನ್ನು ಕೊಲ್ಲುವ ವಿಧಾನವನ್ನು ಇಸ್ರೇಲಿನ ವಿಜ್ಞಾನಿ ಯಾಕೊವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಇದಕ್ಕೆ ಸೌರೀಕರಣ ಎಂದು ಹೆಸರು. ನಮ್ಮ ಏಪ್ರಿಲ್–ಮೇ ತಿಂಗಳ ಬಿಸಿಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಮುಚ್ಚಿದ ಹಸಿರುಮನೆಯ ಒಳಗೆ ಶಾಖ ಇನ್ನೂ ಹೆಚ್ಚು. ಮಾಡುವ ಕ್ರಮ ಹೀಗಿದೆ:

1. ಹನಿ ನೀರಾವರಿಯ ಪಕ್ಕದ ಕೊಳವೆಗಳನ್ನು ಸುತ್ತಿ ಹೊರಗಿಡಬೇಕು. ಮಣ್ಣನ್ನು 30 ಸೆಂ.ಮೀ. ಆಳಕ್ಕೆ ಅಗೆದು ಒಂದು ವಾರ ಒಣಗಲು ಬಿಡಬೇಕು. ಉಳಿದ ಬೇರುಗಳನ್ನು ಆರಿಸಿ ಹೆಂಟೆ ಒಡೆಯಬೇಕು.

2. 10 ಗುಂಟೆಗೆ ಸುಮಾರು 5 ಟನ್ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ಒಂದು ಮೀಟರ್ ಅಗಲ, 20ರಿಂದ 30 ಸೆಂ.ಮೀ. ಎತ್ತರದ ಏರುಮಡಿಗಳನ್ನು ಈಗಲೇ ಮಾಡಬೇಕು. ಮಡಿಗಳ ನಡುವೆ ಅರ್ಧ ಮೀಟರ್ ಓಡಾಡುವ ದಾರಿ ಇರಲಿ. ಹೊದಿಕೆ ತೆಗೆದ ಮೇಲೆ ಆಳವಾಗಿ ಅಗೆಯಬಾರದಾದ್ದರಿಂದ ಈ ಕೆಲಸ ಮೊದಲೇ ಮುಗಿಯಬೇಕು.

3. ಒಂದು ಅಡಿ ಆಳದವರೆಗೆ ತೇವವಾಗುವಂತೆ ನೀರು ಕೊಡಬೇಕು. ಒಣ ಮಣ್ಣಿನಲ್ಲಿ ಶಾಖ ಕೆಳಗಿಳಿಯುವುದಿಲ್ಲ. ಒಣ ಸ್ಥಿತಿಯಲ್ಲಿ ಮಲಗಿರುವ ಮೊಟ್ಟೆ ಮತ್ತು ಬೀಜಕಣಗಳು ಶಾಖವನ್ನು ಸಹಿಸಿಕೊಳ್ಳುತ್ತವೆ. ತೇವದಲ್ಲಿ ಎಚ್ಚೆತ್ತವು ಬೇಗ ಸಾಯುತ್ತವೆ.

4. ಮರುದಿನ 25ರಿಂದ 50 ಮೈಕ್ರಾನ್ ದಪ್ಪದ ಪಾರದರ್ಶಕ ಹಾಳೆಯನ್ನು ಮಡಿ ಮತ್ತು ದಾರಿ ಎರಡರ ಮೇಲೂ ಮಣ್ಣಿಗೆ ತಾಗುವಂತೆ ಎಳೆದು ಹೊದಿಸಬೇಕು. ಕಪ್ಪು ಹಾಳೆ ಬೇಡ. ಕಪ್ಪು ಹಾಳೆ ತಾನು ಕಾಯುತ್ತದೆ, ಮಣ್ಣಿಗೆ ಅಷ್ಟು ಶಾಖ ಕೊಡುವುದಿಲ್ಲ. 10 ಗುಂಟೆಗೆ 25 ಮೈಕ್ರಾನ್ ಹಾಳೆ ಸುಮಾರು 25 ಕಿ.ಗ್ರಾಂ. ಬೇಕಾಗುತ್ತದೆ. ಮಡಿಗಳ ಏರಿಳಿತಕ್ಕೆ ಮತ್ತು ಅಂಚಿಗೆಂದು ಸ್ವಲ್ಪ ಹೆಚ್ಚು ತರಿಸಬೇಕು.

5. ಅಂಚುಗಳನ್ನು ಒಂದು ಗೇಣು ಆಳದ ಕಾಲುವೆಯಲ್ಲಿ ಹೂತು ಮಣ್ಣು ಮುಚ್ಚಿ ತುಳಿಯಬೇಕು. ತೂತು ಬಿದ್ದರೆ ಕೂಡಲೇ ಅಂಟುಪಟ್ಟಿ ಹಾಕಬೇಕು. ಪಕ್ಕದ ಪರದೆಗಳನ್ನು ಇಳಿಸಿ ಬಾಗಿಲು ಮುಚ್ಚಬೇಕು.

6. ಐದರಿಂದ ಆರು ವಾರ ಹಾಗೆಯೇ ಬಿಡಬೇಕು. ಮೇಲಿನ ಐದು ಹತ್ತು ಸೆಂ.ಮೀ. ಮಣ್ಣಿನ ಉಷ್ಣತೆ ಮಧ್ಯಾಹ್ನ 50 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಏರುತ್ತದೆ. ಕೆಳಗೆ ಇಳಿದಂತೆ ಕಡಿಮೆ. ಕಡಿಮೆ ಶಾಖ ಹೆಚ್ಚು ದಿನ ಸಿಕ್ಕಬೇಕಾದ್ದರಿಂದಲೇ ವಾರಗಳನ್ನು ಕಡಿತ ಮಾಡಬಾರದು. ಒಳಗೆ ಹೋಗಿ ನೋಡುವುದಾದರೆ ಬೆಳಗಿನ ಹೊತ್ತು ಹೋಗಬೇಕು. ನಡುಹಗಲಿನ ಶಾಖ ಮನುಷ್ಯರಿಗೂ ಅಪಾಯ.

ಈ ವಿಧಾನದ ಮಿತಿಗಳನ್ನೂ ತಿಳಿದಿರಬೇಕು. ಅಂಚುಗಳಲ್ಲಿ ಮತ್ತು ಕಂಬಗಳ ಬುಡದಲ್ಲಿ ಶಾಖ ಕಡಿಮೆಯಾದ್ದರಿಂದ ಅಲ್ಲಿ ಪೀಡೆ ಉಳಿಯುತ್ತದೆ. ಆಳಕ್ಕಿಳಿದ ಜಂತುಹುಳು ಪೂರ್ತಿ ಸಾಯುವುದಿಲ್ಲ. ಜೇಕಿನ ಗಡ್ಡೆಗಳಿಗೂ ಇದು ಸಾಲದು, ಅವನ್ನು ಅಗೆದೇ ತೆಗೆಯಬೇಕು. ಸೌರೀಕರಣ ಪೀಡೆಯ ಸಂಖ್ಯೆಯನ್ನು ಇಳಿಸುತ್ತದೆ. ಇಳಿದದ್ದು ಮತ್ತೆ ಏರದಂತೆ ಮಾಡುವುದು ಮುಂದಿನ ಹಂತದ ಕೆಲಸ.

ಬೇಸಿಗೆಯಲ್ಲಿ ಮನೆ ಖಾಲಿ ಸಿಗದವರು, ಮಲೆನಾಡಿನಂತೆ ಬಿಸಿಲು ಕಡಿಮೆ ಇರುವ ಕಡೆಯವರು ಎರಡು ಮೂರು ತಿಂಗಳು ಚೆಂಡುಹೂವನ್ನು ಒತ್ತಾಗಿ ಬೆಳೆದು ಮಣ್ಣಿಗೆ ಸೇರಿಸಬಹುದು. ಅದರ ಬೇರು ಜಂತುಹುಳುವಿನ ಸಂಖ್ಯೆಯನ್ನು ಇಳಿಸುತ್ತದೆ. ಆದರೆ ಚೆಂಡುಹೂವಿಗೆ ಥ್ರಿಪ್ಸ್ ಮತ್ತು ಜೇಡನುಸಿ ಬರುತ್ತವೆಂಬುದನ್ನು ಮರೆಯದೆ, ಅದನ್ನು ತೆಗೆದ ಮೇಲೆ ಎರಡು ವಾರ ಮನೆಯನ್ನು ಖಾಲಿ ಬಿಡಬೇಕು.

ಗೊಬ್ಬರಕ್ಕೆ ಜೀವ ತುಂಬುವುದು

ಶಾಖದಿಂದ ಮಣ್ಣಿನ ಮೇಲ್ಪದರದಲ್ಲಿ ಪೀಡೆಗಳು ಕಡಿಮೆಯಾದಾಗ ಜಾಗ ಖಾಲಿಯಾಗುತ್ತದೆ. ಆ ಜಾಗವನ್ನು ಮೊದಲು ಯಾರು ಹಿಡಿಯುತ್ತಾರೋ ಅವರದೇ ಮೇಲುಗೈ. ಆದ್ದರಿಂದ ಉಪಕಾರಿ ಸೂಕ್ಷ್ಮಜೀವಿಗಳನ್ನು ಹೊದಿಕೆ ತೆಗೆದ ಕೂಡಲೇ ಸೇರಿಸಬೇಕು. ಹೊದಿಕೆಗೆ ಮೊದಲು ಹಾಕಿದರೆ ಅವೂ ಸಾಯುತ್ತವೆ.

10 ಗುಂಟೆಗೆ 200 ಕಿ.ಗ್ರಾಂ. ಬೇವಿನ ಹಿಂಡಿ ಮತ್ತು 500 ಕಿ.ಗ್ರಾಂ. ಕಳಿತ ಕೊಟ್ಟಿಗೆ ಗೊಬ್ಬರ ತೆಗೆದುಕೊಂಡು, ಟ್ರೈಕೋಡರ್ಮ, ಸ್ಯೂಡೋಮೊನಾಸ್ ಮತ್ತು ಪೆಸಿಲೋಮೈಸಿಸ್ ಪುಡಿಗಳನ್ನು ತಲಾ 2 ಕಿ.ಗ್ರಾಂ.ನಂತೆ ಬೆರೆಸಬೇಕು. ಟ್ರೈಕೋಡರ್ಮ ಮತ್ತು ಸ್ಯೂಡೋಮೊನಾಸ್ ಕೊಳೆ ರೋಗಗಳನ್ನು ತಡೆಯುತ್ತವೆ. ಪೆಸಿಲೋಮೈಸಿಸ್ ಜಂತುಹುಳುವಿನ ಮೊಟ್ಟೆಗಳ ಮೇಲೆ ಬೆಳೆದು ಅವನ್ನು ನಾಶಪಡಿಸುತ್ತದೆ. ರಾಶಿಯನ್ನು ನೆರಳಿನಲ್ಲಿ ಮಾಡಿ, ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುವಷ್ಟು ಆದರೆ ನೀರು ಸೋರದಷ್ಟು ತೇವವಿಟ್ಟು, ಗೋಣಿ ಹೊದಿಸಿ 15 ದಿನ ಬಿಡಬೇಕು. ವಾರಕ್ಕೊಮ್ಮೆ ತಿರುವಿ ಹಾಕಬೇಕು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಪದ್ಧತಿಯನ್ನು ಬಳಕೆಗೆ ತಂದಿದೆ. ಪುಡಿ ಕೊಳ್ಳುವಾಗ ತಯಾರಿಕೆಯ ತಾರೀಖು ನೋಡಿ ಕೊಳ್ಳಬೇಕು. ಬಿಸಿಲಿನಲ್ಲಿಟ್ಟ ಅಥವಾ ಅವಧಿ ಮುಗಿದ ಪೊಟ್ಟಣದಲ್ಲಿ ಜೀವವಿರುವುದಿಲ್ಲ.

ಈ ಗೊಬ್ಬರವನ್ನು ಮಡಿಯ ಮೇಲಿನ 10 ಸೆಂ.ಮೀ.ಗಷ್ಟೇ ಬೆರೆಸಿ ನೀರು ಕೊಟ್ಟು, ನಾಟಿಗೆ ಹತ್ತು ಹದಿನೈದು ದಿನ ಬಿಡಬೇಕು. ಬೇವಿನ ಹಿಂಡಿ ಕಳಿಯದೆ ಸಸಿ ನೆಟ್ಟರೆ ಎಳೆ ಬೇರು ಸುಡುತ್ತದೆ. ರಾಸಾಯನಿಕ ಗೊಬ್ಬರವನ್ನು ಮಣ್ಣು ಪರೀಕ್ಷೆಯ ವರದಿಯಂತೆ ಕೊಡಬೇಕು. ನೆರೆಯವರು ಹಾಕಿದಷ್ಟು ನಾವೂ ಹಾಕುವುದು ಲವಣ ಹೆಚ್ಚಿಸುವ ದಾರಿ.

ಮನೆಯ ಬಂದೋಬಸ್ತು

ಮಣ್ಣಿನ ಕೆಲಸ ನಡೆದಿರುವಾಗಲೇ ಮನೆಯ ದುರಸ್ತಿಯೂ ಆಗಬೇಕು. ಪಕ್ಕದ ಕೀಟ ತಡೆ ಪರದೆ 40ರಿಂದ 50 ಮೆಶ್ ಇರಬೇಕು. ಬಿಳಿನೊಣ ಇದರಲ್ಲಿ ತೂರುವುದು ಕಷ್ಟ. ಥ್ರಿಪ್ಸ್ ಇನ್ನೂ ಸಣ್ಣದಾದ್ದರಿಂದ ಅದನ್ನು ಪರದೆಯೊಂದರಿಂದಲೇ ತಡೆಯಲಾಗದು. ಹರಿದ ಕಡೆ ಹೊಲಿಯಬೇಕು. ಪರದೆಯ ಕೆಳಅಂಚು ಮಣ್ಣಿನಲ್ಲಿ ಹೂತಿರಬೇಕು. ಬಾಗಿಲು ಎರಡಿದ್ದು, ಒಂದು ಮುಚ್ಚಿದ ಮೇಲೆ ಇನ್ನೊಂದು ತೆರೆಯುವಂತಿರಬೇಕು.

ಬಾಗಿಲ ಬಳಿ ಬ್ಲೀಚಿಂಗ್ ಪುಡಿಯ ನೀರಿನ ತೊಟ್ಟಿಯಿಟ್ಟು, ಕಾಲು ಅಥವಾ ಚಪ್ಪಲಿಯ ಮಣ್ಣನ್ನು ಮೊದಲು ಉಜ್ಜಿ ತೆಗೆದು ಅದರಲ್ಲಿ ಕಾಲಿಟ್ಟು ಬರುವ ಕ್ರಮ ಇಡಬೇಕು. ಈ ನೀರನ್ನು ದಿನವೂ ಬದಲಾಯಿಸಬೇಕು. ಗುದ್ದಲಿ, ಸಲಿಕೆ, ಬುಟ್ಟಿಗಳು ಹಸಿರುಮನೆಗೇ ಪ್ರತ್ಯೇಕವಾಗಿರಲಿ. ಕೆಲಸದವರು ಬೆಳಿಗ್ಗೆ ಮೊದಲು ಹಸಿರುಮನೆಯ ಕೆಲಸ ಮುಗಿಸಿ ನಂತರ ಹೊರಗಿನ ಟೊಮೆಟೊ, ಬದನೆ ಹೊಲಕ್ಕೆ ಹೋಗಲಿ. ಹೊರಗಿನಿಂದ ಒಳಗೆ ಬಂದರೆ ಬಟ್ಟೆಯ ಮೇಲೆ ಬಿಳಿನೊಣವೂ ಕಾಲಿನಲ್ಲಿ ಜಂತುಹುಳುವೂ ಬರುತ್ತವೆ. ನಾಟಿಗೆ ಒಂದು ವಾರ ಮೊದಲೇ ಹಳದಿ ಮತ್ತು ನೀಲಿ ಅಂಟುಹಾಳೆಗಳನ್ನು ತೂಗುಹಾಕಿ, ಒಳಗೆ ಏನಾದರೂ ಉಳಿದಿದೆಯೇ ಎಂದು ಪರೀಕ್ಷಿಸಬೇಕು.

ಸಸಿಗಳ ತಯಾರಿ ಮತ್ತು ನಾಟಿ

ಮಣ್ಣನ್ನು ಇಷ್ಟೆಲ್ಲ ಶುದ್ಧಿ ಮಾಡಿ, ಸೋಂಕಿನ ಸಸಿ ತಂದರೆ ಪ್ರಯೋಜನವಿಲ್ಲ. ಕುಂಬಳದ ಬೇರು ಅಲುಗಾಟವನ್ನು ಸಹಿಸದು. ಆದ್ದರಿಂದ ನೆಲದ ಸಸಿಮಡಿಯಿಂದ ಕೀಳದೆ, ತೆಂಗಿನ ನಾರಿನ ಪುಡಿ ತುಂಬಿದ ದೊಡ್ಡ ಗುಳಿಯ ಪ್ರೋಟ್ರೇಗಳಲ್ಲಿ, ಕೀಟ ತಡೆ ಪರದೆಯ ಒಳಗೆ ಸಸಿ ಬೆಳೆಸಬೇಕು. 12ರಿಂದ 15 ದಿನಕ್ಕೆ, ಎರಡು ನಿಜ ಎಲೆಗಳು ಬಂದಾಗ ನಾಟಿಗೆ ಸಿದ್ಧ. ಇದಕ್ಕಿಂತ ತಡವಾದರೆ ಬೇರು ಸುತ್ತಿಕೊಂಡು ಏಳಿಗೆ ಕುಂಠಿತವಾಗುತ್ತದೆ. ಹೊರಗಿನ ಸಸ್ಯಾಗಾರದಿಂದ ಕೊಳ್ಳುವವರು ನಾಲ್ಕಾರು ಸಸಿಗಳನ್ನು ಗುಳಿಯಿಂದ ಎತ್ತಿ ಬೇರು ನೋಡಿ, ಎಲೆಯ ತಳಭಾಗ ನೋಡಿ ಕೊಳ್ಳಬೇಕು.

ಮಡಿಯ ನಡುವೆ ಒಂದೇ ಸಾಲಿನಲ್ಲಿ, ಹಂದರಕ್ಕೆ ಹಬ್ಬಿಸುವ ಬಳ್ಳಿಗೆ ಸುಮಾರು 60 ಸೆಂ.ಮೀ., ಅಗಲವಾಗಿ ಹರಡುವ ಝುಕಿನಿಗೆ ಸುಮಾರು 75 ಸೆಂ.ಮೀ. ಅಂತರ ಕೊಟ್ಟು, ಸಂಜೆ ಹೊತ್ತು ನಾಟಿ ಮಾಡಬೇಕು. ಕಾಂಡದ ಬುಡ ಮಣ್ಣಿನಲ್ಲಿ ಹೂತುಹೋಗಬಾರದು. ಹನಿ ಬೀಳುವ ಜಾಗ ಬುಡಕ್ಕೆ ತಾಗದೆ ನಾಲ್ಕು ಬೆರಳು ದೂರವಿರಲಿ. ಹುಟ್ಟುವ ಪ್ರತಿ ಕಾಯಿಗೂ ಪರಾಗ ಬೇಕೆಂಬುದನ್ನೂ ನಾಟಿಯ ಮೊದಲೇ ಯೋಚಿಸಬೇಕು. ಪರದೆ ಜೇನನ್ನೂ ತಡೆಯುತ್ತದೆ. ಬೆಳಿಗ್ಗೆ ಹೂ ಅರಳಿರುವಾಗಲೇ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಲು ದಿನವೂ ಆಳು ಇದ್ದರೆ ಮಾತ್ರ ಕುಂಬಳ ಆರಿಸಿಕೊಳ್ಳಬೇಕು.

ರಾಸಾಯನಿಕಗಳ ವಿಷಯದಲ್ಲಿ ಎಚ್ಚರ

ಹಿಂದೆ ಮಣ್ಣಿಗೆ ಮೀಥೈಲ್ ಬ್ರೋಮೈಡ್ ಅನಿಲ ಕೊಡುತ್ತಿದ್ದರು. ಓಝೋನ್ ಪದರಕ್ಕೆ ಹಾನಿಕರವೆಂದು ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳಲ್ಲಿ 2005ರ, ಅಭಿವೃದ್ಧಿಶೀಲ ದೇಶಗಳಲ್ಲಿ 2015ರ ಗಡುವಿನೊಂದಿಗೆ ಬೇಸಾಯದ ಮಣ್ಣಿಗೆ ಅದರ ಬಳಕೆಯನ್ನು ಹಿಂತೆಗೆದುಕೊಳ್ಳಲಾಯಿತು. ನಮ್ಮ ಹಳೆಯ ಶಿಫಾರಸುಗಳಲ್ಲಿದ್ದ ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಪೂರ್ತಿ ನಿಷೇಧವಾಗಿದೆ. ಹಳೆಯ ದಾಸ್ತಾನು ಮೂಲೆಯಲ್ಲಿದ್ದರೂ ಬಳಸಬಾರದು. ಫಾರ್ಮಾಲಿನ್ ಸುರಿಯುವ ಪದ್ಧತಿ ಇನ್ನೂ ಕೆಲವೆಡೆ ಇದೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ವರ್ಗೀಕರಿಸಿತು. ಮುಚ್ಚಿದ ಮನೆಯಲ್ಲಿ ಅದರ ಆವಿ ಸುರಿಯುವವರ ಕಣ್ಣು ಮತ್ತು ಶ್ವಾಸಕ್ಕೆ ನೇರವಾಗಿ ತಾಗುತ್ತದೆ. ಬಿಸಿಲು ಪುಕ್ಕಟೆ ಸಿಗುವ ನಾಡಿನಲ್ಲಿ ಇದರ ಅಗತ್ಯ ಕಡಿಮೆ. ಯಾವುದೇ ಔಷಧಿಯನ್ನು ಚೀಟಿಯ ಮೇಲೆ ಬೆಳೆಯ ಹೆಸರು ಇದ್ದರೆ ಮಾತ್ರ, ಹೇಳಿದ ಪ್ರಮಾಣದಲ್ಲಿ ಬಳಸಬೇಕು.

ಜೂನ್ ನಾಟಿಗೆ ಕೆಲಸದ ವೇಳಾಪಟ್ಟಿ

ಮಾರ್ಚ್ ಕೊನೆಯ ವಾರ: ಹಳೆಯ ಬೆಳೆ ಕೀಳುವುದು, ಬೇರಿನ ತಪಾಸಣೆ, ಮಣ್ಣು ಮತ್ತು ನೀರಿನ ಮಾದರಿ ಕಳುಹಿಸುವುದು.
ಏಪ್ರಿಲ್ ಮೊದಲ ವಾರ: ಅಗೆತ, ಕಳೆ ತೆಗೆಯುವುದು, ಅಗತ್ಯವಿದ್ದರೆ ಲವಣ ತೊಳೆಯುವುದು.
ಏಪ್ರಿಲ್ ಎರಡನೆಯ ವಾರ: ಗೊಬ್ಬರ, ಮಡಿ, ನೀರು, ಹೊದಿಕೆ.
ಮೇ ಮೊದಲ ವಾರ: ಬೇವಿನ ಹಿಂಡಿಯ ರಾಶಿ ಹಾಕುವುದು, ಪರದೆ ಮತ್ತು ಬಾಗಿಲ ದುರಸ್ತಿ.
ಮೇ ಮೂರನೆಯ ವಾರದ ಕೊನೆ: ಹೊದಿಕೆ ತೆಗೆದು ಜೈವಿಕ ಗೊಬ್ಬರ ಸೇರಿಸುವುದು, ಹನಿ ಕೊಳವೆ ಜೋಡಿಸುವುದು, ಪ್ರೋಟ್ರೇಯಲ್ಲಿ ಬಿತ್ತನೆ.
ಜೂನ್ ಮೊದಲ ವಾರದ ಕೊನೆ: ನಾಟಿ.

ಮೇಲೆ ಹೇಳಿದ ರೈತರು ಮರುವರ್ಷ ಬೇಸಿಗೆಯಲ್ಲಿ ಮನೆಯನ್ನು ಖಾಲಿ ಬಿಟ್ಟು ಈ ಎಲ್ಲ ಕ್ರಮಗಳನ್ನು ಮಾಡಿದರು. ಖಾಲಿ ಮನೆಗೆ ಕಂತು ಕಟ್ಟುವುದು ಅವರಿಗೆ ಸುಲಭವಾಗಿರಲಿಲ್ಲ. ಆ ಸಲದ ಬೆಳೆ ಕೊನೆಯವರೆಗೆ ಹಸಿರಾಗಿಯೇ ಇತ್ತು. ಕಟಾವು ಮುಗಿದಾಗ ನಾವಿಬ್ಬರೂ ಕುಳಿತು ಸಾಲು ಸಾಲಾಗಿ ಬೇರುಗಳನ್ನು ತೊಳೆದು ನೋಡಿದೆವು. ನಡುವಿನ ಮಡಿಗಳಲ್ಲಿ ಗಂಟು ಅಪರೂಪ. ಪಕ್ಕದ ಅಂಚಿನ ಸಾಲಿನಲ್ಲಿ ಮಾತ್ರ ಕೆಲವು ಗಿಡಗಳಲ್ಲಿ ಇತ್ತು. ಆ ಜಾಗಗಳಿಗೆ ಗೂಟ ನೆಟ್ಟೆವು. ಹುಳು ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಆದರೆ ಎಲ್ಲಿದೆಯೆಂದು ಈಗ ಅವರಿಗೆ ಗೊತ್ತಿದೆ.

ರೈತ ಬಾಂಧವರು ನಾಟಿಯ ದಿನವನ್ನು ನಿಶ್ಚಯಿಸುವ ಮೊದಲು ಅಲ್ಲಿಂದ ಹತ್ತು ವಾರ ಹಿಂದಕ್ಕೆ ಎಣಿಸಿ ಮಣ್ಣಿನ ಕೆಲಸವನ್ನು ಆರಂಭಿಸಬೇಕಾಗಿ ವಿನಂತಿ.